ಕಿವಿಯಿಂದ ಓದಿದವರು

ಮಳೆಗಾಲದ ಒಂದು ಭಾನುವಾರ ನಮ್ಮ ಸಂಘದ ವಾಚನಾಲಯಕ್ಕೆ ಡೊಂಬಿವಲಿಯಿಂದ ಹಿರಿಯರೊಬ್ಬರು ಬಂದಿದ್ದರು. ಧಾರವಾಡದ ಕಡೆಯವರು, ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಮೊಮ್ಮಗನಿಗೆ ದಪ್ಪ ಅಕ್ಷರದ ಕನ್ನಡ ಪುಸ್ತಕ ಬೇಕಾಗಿತ್ತು. ಹುಡುಗ ಐದನೆಯ ಇಯತ್ತೆಯಲ್ಲಿದ್ದಾನೆ. ಮಾತಿನಲ್ಲಿ ಚುರುಕು, ಬಾಯಿಲೆಕ್ಕದಲ್ಲಿ ಎಲ್ಲರಿಗಿಂತ ಮುಂದು. ಪುಸ್ತಕ ತೆರೆದರೆ ಮಾತ್ರ ಅಕ್ಷರಕ್ಕೆ ಅಕ್ಷರ ಕೂಡುವುದಿಲ್ಲ. ಇಂಗ್ಲಿಷಿನಲ್ಲಿಯೂ ಹಾಗೆಯೇ, ಮರಾಠಿಯಲ್ಲಿಯೂ ಹಾಗೆಯೇ. ಕಣ್ಣಿನ ವೈದ್ಯರು ದೃಷ್ಟಿ ಸರಿಯಾಗಿದೆ ಎಂದರು. ಶಾಲೆಯವರು, ಮನೆಯಲ್ಲಿ ಕನ್ನಡ ಮಾತಾಡುವುದನ್ನು ನಿಲ್ಲಿಸಿ, ಮಗುವಿಗೆ ಗೊಂದಲವಾಗುತ್ತಿದೆ ಎಂದರು. ಸೊಸೆ ಮರುದಿನದಿಂದಲೇ ಇಂಗ್ಲಿಷು ಹಿಡಿದಳಂತೆ. "ಈಗ ಅಂವಾ ನನ್ನ ಸಂಗಡ ಮಾತ ಕಮ್ಮಿ ಮಾಡ್ಯಾನ್ರೀ" ಎಂದರು ಹಿರಿಯರು.

ಈ ತೊಡಕಿಗೆ ಡಿಸ್ಲೆಕ್ಸಿಯಾ ಎಂಬ ಹೆಸರಿದೆ ಎಂಬುದನ್ನು ನಮ್ಮಲ್ಲಿ ಅನೇಕರು ತಿಳಿದದ್ದು 2007ರಲ್ಲಿ ಬಂದ ಹಿಂದಿ ಚಿತ್ರದಿಂದ. ದಪ್ಪ ಅಕ್ಷರವೊಂದೇ ಅದಕ್ಕೆ ಮದ್ದಲ್ಲ, ಮನೆಮಾತು ಅದಕ್ಕೆ ಕಾರಣವೂ ಅಲ್ಲ. ಇಷ್ಟನ್ನು ಹಿರಿಯರಿಗೆ ಹೇಳಿ ಕಳುಹಿಸಿದೆವು. ಆದರೆ ಅವರು ಹೋಗುವಾಗ ಕೇಳಿದ ಒಂದು ಪ್ರಶ್ನೆ ನಮ್ಮಲ್ಲೇ ಉಳಿಯಿತು: ಕುರುಡರಿಗೆ ಓದಿಹೇಳುವ ಯಂತ್ರಗಳಿವೆಯಲ್ಲ, ಕಣ್ಣಿದ್ದೂ ಓದಲಾಗದವರಿಗೆ ಏನಿದೆ? ನಾವು ವೈದ್ಯರಲ್ಲ, ಶಿಕ್ಷಣತಜ್ಞರೂ ಅಲ್ಲ. ಆದರೂ ಪ್ರಶ್ನೆಯ ಜಾಡು ಹಿಡಿದು ಹೋದಾಗ ನಮಗೆ ಕಂಡ ಚರಿತ್ರೆ ವಾಚಕರ ಮುಂದಿಡತಕ್ಕದ್ದೆಂದು ತೋರಿತು.

ಈ ಚರಿತ್ರೆ ಆರಂಭವಾಗುವುದು 1877ರಲ್ಲಿ, ಎರಡು ದೇಶಗಳಲ್ಲಿ, ಒಬ್ಬರ ಸುದ್ದಿ ಒಬ್ಬರಿಗಿಲ್ಲದೆ. ಆ ವರ್ಷ ಜರ್ಮನಿಯ ವೈದ್ಯ ಅಡಾಲ್ಫ್ ಕುಸ್ಮಾಲ್, ಕಣ್ಣು ಮತ್ತು ಬುದ್ಧಿ ಎರಡೂ ಸರಿಯಿದ್ದು ಬರಹವನ್ನು ಮಾತ್ರ ಓದಲಾರದ ಸ್ಥಿತಿಗೆ 'ಶಬ್ದಾಂಧತೆ' ಎಂಬರ್ಥದ ಹೆಸರಿಟ್ಟ. ಅದೇ ವರ್ಷ ಅಮೆರಿಕದಲ್ಲಿ ಥಾಮಸ್ ಎಡಿಸನ್ ಫೋನೋಗ್ರಾಫನ್ನು ಕಂಡುಹಿಡಿದ. ಮರುವರ್ಷ ಪತ್ರಿಕೆಯೊಂದರಲ್ಲಿ ತನ್ನ ಯಂತ್ರದ ಉಪಯೋಗಗಳನ್ನು ಪಟ್ಟಿಮಾಡುವಾಗ, ಕುರುಡರಿಗೆ ತಾನೇ ಓದಿಹೇಳುವ ಪುಸ್ತಕವನ್ನೂ ಎಡಿಸನ್ ಅದರಲ್ಲಿ ಸೇರಿಸಿದ್ದ. ರೋಗದ ಹೆಸರೂ ಮದ್ದಿನ ಬೀಜವೂ ಒಂದೇ ವರ್ಷದ ಕೂಸುಗಳು. ಅವು ಒಂದನ್ನೊಂದು ಗುರುತಿಸಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

'ಡಿಸ್ಲೆಕ್ಸಿಯಾ' ಎಂಬ ಪದವನ್ನು 1887ರಲ್ಲಿ ಬಳಕೆಗೆ ತಂದವನು ಷ್ಟುಟ್‌ಗಾರ್ಟಿನ ರುಡಾಲ್ಫ್ ಬರ್ಲಿನ್. ಅವನು ಕಣ್ಣಿನ ವೈದ್ಯ. ಗ್ಲಾಸ್ಗೋದಲ್ಲಿ ಇದನ್ನು ಕುರಿತು ಬರೆದ ಜೇಮ್ಸ್ ಹಿನ್ಷೆಲ್‌ವುಡ್ ಕೂಡ ಕಣ್ಣಿನ ಶಸ್ತ್ರಚಿಕಿತ್ಸಕ. ಓದು ಬಾರದ ಮಗುವನ್ನು ತಾಯ್ತಂದೆಯರು ಮೊದಲು ಕರೆದೊಯ್ಯುವುದು ಎಲ್ಲಿಗೆ? ಆಗಲೂ ಕಣ್ಣಿನ ವೈದ್ಯರಲ್ಲಿಗೆ, ಡೊಂಬಿವಲಿಯಲ್ಲಿ ಈಗಲೂ ಅಲ್ಲಿಗೇ.

ಇವರೆಲ್ಲರಲ್ಲಿ ನಮ್ಮ ಮನಸ್ಸನ್ನು ಹಿಡಿದವನು ವೈದ್ಯನಲ್ಲ, ರೋಗಿ. ಇಂಗ್ಲೆಂಡಿನ ಸಮುದ್ರತೀರದ ಸೀಫರ್ಡ್ ಎಂಬ ಊರಿನ ವೈದ್ಯ ಪ್ರಿಂಗಲ್ ಮಾರ್ಗನ್ 1896ರ ನವೆಂಬರದಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಗೆ ಒಂದು ಪುಟ್ಟ ಲೇಖನ ಬರೆದ. ಅದರ ನಾಯಕ ಪರ್ಸಿ ಎಂಬ ಹದಿನಾಲ್ಕು ವರ್ಷದ ಹುಡುಗ. ಆಟದಲ್ಲಿ ಯಾರಿಗೂ ಕಮ್ಮಿಯಿಲ್ಲ. ದೊಡ್ಡ ದೊಡ್ಡ ಗುಣಾಕಾರಗಳನ್ನು ಬೇಗನೆ, ತಪ್ಪಿಲ್ಲದೆ ಮಾಡುತ್ತಿದ್ದ. ಆದರೆ ವರ್ಷಗಟ್ಟಲೆ ಪಾಠ ಹೇಳಿಸಿಕೊಂಡರೂ ಓದು ಬಂದಿರಲಿಲ್ಲ. ತನ್ನ ಹೆಸರನ್ನು ಬರೆಯಹೇಳಿದರೆ ನಡುವಿನ ಅಕ್ಷರಗಳನ್ನು ಅದಲುಬದಲು ಮಾಡಿ 'ಪ್ರೆಸಿ' ಎಂದು ಬರೆಯುತ್ತಿದ್ದ, ತಪ್ಪಾಗಿದೆ ಎಂದು ತಿಳಿಯದೆಯೇ. ಈ ಲೇಖನದಲ್ಲಿ ಮಾರ್ಗನ್ ಅವನ ಶಾಲಾಮಾಸ್ತರರ ಅಭಿಪ್ರಾಯವೊಂದನ್ನು ದಾಖಲಿಸಿದ್ದಾನೆ: ಪಾಠವೆಲ್ಲವೂ ಬಾಯಿಮಾತಿನಲ್ಲೇ ನಡೆಯುವುದಾದರೆ ಶಾಲೆಯಲ್ಲಿ ಇವನಷ್ಟು ಜಾಣ ಬೇರೊಬ್ಬನಿರುವುದಿಲ್ಲ ಎಂದು.

ಆ ಮಾಸ್ತರರ ಹೆಸರು ಲೇಖನದಲ್ಲಿಲ್ಲ. ವೈದ್ಯರು ಕಣ್ಣನ್ನೂ ಮಿದುಳನ್ನೂ ಪರೀಕ್ಷಿಸುತ್ತಿದ್ದಾಗ ಮದ್ದಿನ ಕಡೆ ಬೆರಳು ತೋರಿಸಿದ್ದು ಒಬ್ಬ ಶಾಲಾಮಾಸ್ತರ. ಆ ಹೊತ್ತಿಗೆ ಫೋನೋಗ್ರಾಫಿಗೆ ಹತ್ತೊಂಬತ್ತು ವರ್ಷ ತುಂಬಿತ್ತು. ಪರ್ಸಿಗೆ ಪಾಠಪುಸ್ತಕವನ್ನು ಕೇಳಿಸಬಹುದೆಂದು ಯಾರಿಗೂ ಹೊಳೆಯಲಿಲ್ಲ.

ಮುಂದಿನ ಹೆಜ್ಜೆ ಇಟ್ಟವನು ಅಮೆರಿಕದ ನರರೋಗತಜ್ಞ ಸ್ಯಾಮ್ಯುಯೆಲ್ ಆರ್ಟನ್. 1925ರಿಂದ ಈತ ಇಂಥ ಶಾಲಾಮಕ್ಕಳ ಬಗ್ಗೆ ಬರೆಯತೊಡಗಿದ. ಇವನೊಡನೆ ಕೆಲಸ ಮಾಡಿದ ಶಿಕ್ಷಕಿ ಅನ್ನಾ ಗಿಲಿಂಗ್‌ಹ್ಯಾಮ್ 1930ರ ದಶಕದಲ್ಲಿ ಒಂದು ಬೋಧನಾಕ್ರಮವನ್ನು ರೂಪಿಸಿದರು. ಅಕ್ಷರವನ್ನು ಕಣ್ಣಿನಿಂದ ನೋಡಬೇಕು, ಬಾಯಿಂದ ಗಟ್ಟಿಯಾಗಿ ಹೇಳಬೇಕು, ಕಿವಿಯಿಂದ ಕೇಳಬೇಕು, ಕೈಯಿಂದ ತಿದ್ದಬೇಕು; ನಾಲ್ಕೂ ಒಟ್ಟಿಗೆ. ಮರಳಿನಲ್ಲಿ ಬೆರಳಾಡಿಸಿ ತಿದ್ದುವುದೂ ಈ ಪದ್ಧತಿಯಲ್ಲಿ ಸೇರಿಕೊಂಡಿದೆ. ನಮ್ಮ ಹಿರಿಯರು ಕೂಲಿಮಠದಲ್ಲಿ ಮರಳ ಮೇಲೆ 'ಅ ಆ' ತಿದ್ದುತ್ತ ಕೂಗುತ್ತಿದ್ದುದನ್ನು ನೆನೆದು ವಾಚಕರು ನಗಬಹುದು. ಆದರೆ ಕೂಲಿಮಠದ ಅಯ್ಯನವರ ಕೈಯಲ್ಲಿ ಬೆತ್ತವೂ ಇತ್ತು, ಆದ್ದರಿಂದ ಹೋಲಿಕೆಯನ್ನು ಬಹಳ ದೂರ ಎಳೆಯದಿರುವುದೇ ಲೇಸು. ಈ ಕ್ರಮದಿಂದ ಮಕ್ಕಳು ಓದಲು ಕಲಿಯುತ್ತಿದ್ದರು, ನಿಧಾನವಾಗಿ. ಅಷ್ಟರಲ್ಲಿ ಚರಿತ್ರೆ, ವಿಜ್ಞಾನ, ಭೂಗೋಳದ ಪಾಠಗಳು ಮುಂದಕ್ಕೆ ಓಡಿರುತ್ತಿದ್ದವು. ಆ ಓಟದಲ್ಲಿ ಜೊತೆಗೂಡಲು ಬೇಕಾದದ್ದು ಓದಿಹೇಳುವ ಪುಸ್ತಕ.

ಅಂಥ ಪುಸ್ತಕ ಅದೇ ದೇಶದಲ್ಲಿ ಸಿದ್ಧವಾಗುತ್ತಲೇ ಇತ್ತು, ಕುರುಡರಿಗಾಗಿ. 1931ರಲ್ಲಿ ಅಮೆರಿಕದ ಸಂಸತ್ತು ಅಂಧರ ಪುಸ್ತಕಗಳಿಗಾಗಿ ವರ್ಷಕ್ಕೆ 1 ಲಕ್ಷ ಡಾಲರ್ ತೆಗೆದಿರಿಸಿತು. 1934ರಿಂದ 'ಮಾತಾಡುವ ಪುಸ್ತಕ'ಗಳು ಗ್ರಾಮಾಫೋನು ತಟ್ಟೆಗಳಾಗಿ ಹೊರಬಂದವು. ತಟ್ಟೆಯ ಒಂದು ಬದಿಗೆ ಸುಮಾರು ಕಾಲು ಗಂಟೆಯ ಓದು. ಒಂದು ಕಾದಂಬರಿಗೆ ಒಂದು ಪೆಟ್ಟಿಗೆ ತಟ್ಟೆ. 1952ರ ತನಕ ಇವು ವಯಸ್ಕರಿಗೆ ಮಾತ್ರ, ಮಕ್ಕಳಿಗಿಲ್ಲ. 1966ರಲ್ಲಿ ಕಾನೂನು ಇನ್ನಷ್ಟು ಅಗಲವಾಗಿ, ದೈಹಿಕ ಕಾರಣದಿಂದ ಮುದ್ರಿತ ಪುಸ್ತಕ ಓದಲಾಗದವರೆಲ್ಲರಿಗೂ ಬಾಗಿಲು ತೆರೆಯಿತು.

ಪರ್ಸಿಯಂಥ ಹುಡುಗರಿಗೂ ಆಗಲೇ ತೆರೆಯಿತೆಂದು ನಾವು ಭಾವಿಸಬಹುದು. ಆದರೆ ಬಾಗಿಲಿನಲ್ಲಿ ಒಬ್ಬ ಕಾವಲುಗಾರ ನಿಂತಿದ್ದ. ಅವನ ಹೆಸರು ಸರ್ಟಿಫಿಕೇಟು. ಕುರುಡನಿಗೆ ದಾದಿಯೋ ಸಮಾಜಸೇವಕನೋ ಸಹಿ ಹಾಕಿದರೆ ಸಾಕಾಗುತ್ತಿತ್ತು. ಓದಿನ ತೊಡಕಿದ್ದವನಿಗೆ ಮಾತ್ರ, ತೊಡಕಿನ ಮೂಲ ಶರೀರದಲ್ಲೇ ಇದೆ ಎಂದು ವೈದ್ಯಕೀಯ ಪದವಿ ಪಡೆದ ವೈದ್ಯನೇ ಬರೆದುಕೊಡಬೇಕಾಗಿತ್ತು. ದಿನನಿತ್ಯ ಆ ಮಗುವನ್ನು ನೋಡುವ ಓದಿನ ಶಿಕ್ಷಕಿಯ ಸಹಿ ನಡೆಯುತ್ತಿರಲಿಲ್ಲ. ವೈದ್ಯರಲ್ಲಿ ಹಲವರಿಗೆ ಇದನ್ನು ಪರೀಕ್ಷಿಸುವ ತರಬೇತಿಯೇ ಇರಲಿಲ್ಲ. ಈ ನಿಯಮ ಸಡಿಲವಾಗಿ ಶಿಕ್ಷಕರ ಸಹಿ ನಡೆಯುವಂತಾದದ್ದು 2021ರಲ್ಲಿ! ಯಂತ್ರ ತಟ್ಟೆಯಿಂದ ಕ್ಯಾಸೆಟ್ಟಿಗೆ, ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ, ಅಲ್ಲಿಂದ ಅಂಗೈಯ ಫೋನಿಗೆ ಬಂದಿಳಿಯುವ ಅಷ್ಟೂ ಕಾಲ ಕಾಗದ ನಿಂತಲ್ಲೇ ನಿಂತಿತ್ತು. ಈ ಚರಿತ್ರೆಯಲ್ಲಿ ತಡಮಾಡಿದ್ದು ಜಾಣ್ಮೆಯಲ್ಲ, ನಂಬಿಕೆ. ಕುರುಡನನ್ನು ನೋಡಿದೊಡನೆ ಎಲ್ಲರೂ ನಂಬುತ್ತಾರೆ. ಕಣ್ಣರಳಿಸಿ ನೋಡುತ್ತಿರುವ ಹುಡುಗ ಓದಲಾರೆನೆಂದರೆ ಸೋಮಾರಿ ಎನ್ನುತ್ತಾರೆ.

ಸರಕಾರದ ಬಾಗಿಲು ಹೀಗಿರುವಾಗ ಪಕ್ಕದ ಒಂದು ಕಿಟಕಿ ತೆರೆದುಕೊಂಡಿತು. ಎರಡನೆಯ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗೆ ಸರಕಾರ ಕಾಲೇಜು ಶಿಕ್ಷಣದ ವೆಚ್ಚ ಕೊಟ್ಟಿತು. ಆದರೆ ಪಠ್ಯಪುಸ್ತಕಗಳನ್ನು ಅವರಿಗೆ ಓದಿಹೇಳುವವರಾರು? ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿ ಆ್ಯನ್ ಮ್ಯಾಕ್ಡೊನಾಲ್ಡ್ ಎಂಬ ಮಹಿಳೆ ಗೆಳತಿಯರನ್ನು ಕೂಡಿಸಿಕೊಂಡು 1948ರಲ್ಲಿ 'ರೆಕಾರ್ಡಿಂಗ್ ಫಾರ್ ದಿ ಬ್ಲೈಂಡ್' ಸಂಸ್ಥೆ ಕಟ್ಟಿದರು. ಆರಂಗುಲದ ಪುಟ್ಟ ತಟ್ಟೆಗಳಲ್ಲಿ, ಬದಿಗೆ ಹನ್ನೆರಡು ನಿಮಿಷದಂತೆ, ಅರ್ಥಶಾಸ್ತ್ರ ಕಾನೂನುಗಳನ್ನು ಸ್ವಯಂಸೇವಕರು ಓದಿ ತುಂಬಿಸಿದರು. ಕಾಲ ಕಳೆದಂತೆ ಈ ಧ್ವನಿಪುಸ್ತಕಗಳನ್ನು ಕೇಳಿ ಪಡೆಯುವವರಲ್ಲಿ ಕಣ್ಣಿದ್ದವರ ಸಂಖ್ಯೆ ಏರುತ್ತ ಹೋಯಿತು. 1995ರಲ್ಲಿ ಸಂಸ್ಥೆ ತನ್ನ ಹೆಸರಿಗೆ 'ಮತ್ತು ಡಿಸ್ಲೆಕ್ಸಿಕ್' ಎಂಬುದನ್ನು ಸೇರಿಸಿಕೊಂಡಿತು. 2011ರಲ್ಲಿ ಎರಡನ್ನೂ ಬಿಟ್ಟು 'ಲರ್ನಿಂಗ್ ಅಲೈ' ಎಂದು ಹೆಸರು ಬದಲಿಸಿತು. ಸೈನಿಕರಿಗಾಗಿ ಕಟ್ಟಿದ ಛತ್ರದಲ್ಲಿ ಶಾಲಾಮಕ್ಕಳು ಬಂದು ಉಂಡದ್ದು ಹೀಗೆ.

ಮನುಷ್ಯರು ಓದಿ ಮುಗಿಸಿದ ಪುಸ್ತಕವಷ್ಟೇ ಸಿಗುತ್ತದೆ. ಮಾಸ್ತರರು ನಿನ್ನೆ ಹಂಚಿದ ಹಾಳೆ ಸಿಗುವುದಿಲ್ಲ. ಈ ಕೊರತೆ ನೀಗಿದವನು ರೇ ಕರ್ಜ್‌ವೈಲ್. 1976ರ ಜನವರಿ 13ರಂದು, ಇಪ್ಪತ್ತೇಳರ ಹರೆಯದ ಈ ತಂತ್ರಜ್ಞ, ಯಾವುದೇ ಅಚ್ಚಿನ ಹಾಳೆಯನ್ನು ಗಾಜಿನ ಮೇಲೆ ಇಟ್ಟರೆ ಅಕ್ಷರ ಗುರುತಿಸಿ ಗಟ್ಟಿಯಾಗಿ ಓದುವ ಯಂತ್ರವನ್ನು ಸಾರ್ವಜನಿಕರಿಗೆ ತೋರಿಸಿದ. ಅಂದಿನ ದೂರದರ್ಶನ ವಾರ್ತೆಯನ್ನು ವಾಲ್ಟರ್ ಕ್ರಾಂಕೈಟ್ ಈ ಯಂತ್ರದ ದನಿಯಿಂದಲೇ ಮುಗಿಸಿದ್ದು ಆ ದೇಶದವರ ನೆನಪಿನಲ್ಲಿದೆ. ಅಂಧ ಗಾಯಕ ಸ್ಟೀವಿ ವಂಡರ್ ಬೇಗನೆ ಒಂದನ್ನು ಕೊಂಡುಕೊಂಡ. ಇದೂ ಕುರುಡರ ಯಂತ್ರವೇ. ಇದರ ಮೊಮ್ಮಗ ಎನ್ನಬಹುದಾದ 'ಕರ್ಜ್‌ವೈಲ್ 3000' ಎಂಬ ಕಂಪ್ಯೂಟರ್ ತಂತ್ರಾಂಶವನ್ನು 1996ರಲ್ಲಿ ಸ್ಥಾಪನೆಯಾದ ಕಂಪೆನಿಯೊಂದು ಹೊರತಂದಿತು, ಓದಿನ ತೊಡಕಿದ್ದವರಿಗೆಂದೇ. ವ್ಯತ್ಯಾಸ ಸಣ್ಣದು, ಆದರೆ ದೊಡ್ಡದು. ಪುಟದ ಚಿತ್ರ ಹಾಗೆಯೇ ಪರದೆಯ ಮೇಲಿರುತ್ತದೆ; ಯಂತ್ರ ಓದುತ್ತಿರುವ ಪದಕ್ಕೆ ಆ ಕ್ಷಣದಲ್ಲಿ ಬಣ್ಣ ಹತ್ತುತ್ತದೆ. ಕುರುಡನಿಗೆ ಕಿವಿ ಸಾಕು. ಈ ಹುಡುಗನಿಗೆ ಕಿವಿ ಮುಂದೆ ನಡೆದು ಕಣ್ಣನ್ನು ಕೈಹಿಡಿದು ಕರೆದೊಯ್ಯಬೇಕು. ಅದೇ ಹೊತ್ತಿಗೆ, 1996ರಲ್ಲಿಯೇ, ಹಲವು ದೇಶಗಳ ಧ್ವನಿಗ್ರಂಥಾಲಯಗಳು ಕೂಡಿ 'ಡೇಸಿ' ಎಂಬ ಒಕ್ಕೂಟ ರಚಿಸಿಕೊಂಡವು. ಕ್ಯಾಸೆಟ್ಟಿನಲ್ಲಿ 87ನೆಯ ಪುಟ ಹುಡುಕಬೇಕಾದರೆ ಹಿಂದೆ ಮುಂದೆ ಸುತ್ತಿ ಸುತ್ತಿ ಸಾಕಾಗುತ್ತಿತ್ತು. ಡೇಸಿ ಪುಸ್ತಕದಲ್ಲಿ ಅಧ್ಯಾಯಕ್ಕೆ, ಪುಟಕ್ಕೆ, ವಾಕ್ಯಕ್ಕೆ ನೇರವಾಗಿ ಹಾರಬಹುದು.

ಕಣ್ಣಿನ ಮೋಹ ಮಾತ್ರ ಬಿಡಲಿಲ್ಲ. ಬಣ್ಣದ ಕನ್ನಡಕ, ಬಣ್ಣದ ಹಾಳೆ, ವಿಶೇಷ ಅಚ್ಚುಮೊಳೆ ಎಂದು ಆಗಾಗ ಒಂದೊಂದು ಬಂದು ತಾಯ್ತಂದೆಯರ ಕಿಸೆ ಹಗುರ ಮಾಡಿವೆ. ಅಮೆರಿಕದ ಮಕ್ಕಳ ವೈದ್ಯರೂ ನೇತ್ರವೈದ್ಯರೂ ಕೂಡಿ 2009ರಲ್ಲಿ ಹೊರಡಿಸಿದ ಹೇಳಿಕೆ, ಬಣ್ಣದ ಗಾಜಿನಿಂದ ಡಿಸ್ಲೆಕ್ಸಿಯಾ ನೀಗುವುದೆಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಸಾರಿದೆ. ನಮ್ಮ ಪೇಟೆಗಳಲ್ಲಿಯೂ ಇಂಥವು ಕಂಡಾವು; ವಾಚಕರು ಎಚ್ಚರದಿಂದಿರಬೇಕು.

ಓದುವುದರ ಮಾತಾಯಿತು, ಬರೆಯುವುದು? ಉದ್ಯೋಗದಲ್ಲಿ ನಿಜವಾದ ಕಷ್ಟ ಅದೇ. ಹೇಳಿದ್ದನ್ನು ಬರೆದುಕೊಳ್ಳುವ ಕಂಪ್ಯೂಟರಿಗಾಗಿ ಜೇಮ್ಸ್ ಮತ್ತು ಜ್ಯಾನೆಟ್ ಬೇಕರ್ ದಂಪತಿ 1982ರಲ್ಲಿ ಡ್ರ್ಯಾಗನ್ ಕಂಪೆನಿ ಆರಂಭಿಸಿದರು. 1990ರ ಅವರ ತಂತ್ರಾಂಶಕ್ಕೆ ಒಂದೊಂದು ಪದವನ್ನೂ ಬಿಡಿಸಿ, ನಡುವೆ ತಡೆದು ಹೇಳಬೇಕಿತ್ತು. 1997ರದ್ದು ಸಹಜವಾದ ಮಾತನ್ನೇ ಬರೆದುಕೊಂಡಿತು. ಆದರೆ ಒಂದು ತಮಾಷೆ ನೋಡಿ. ಯಜಮಾನನ ದನಿ ಪರಿಚಯವಾಗಲು ಅವನು ಮೊದಲಿಗೆ ಪರದೆಯ ಮೇಲಿನ ಬರಹವನ್ನು ಸಾಕಷ್ಟು ಹೊತ್ತು ಗಟ್ಟಿಯಾಗಿ ಓದಿಹೇಳಬೇಕಾಗಿತ್ತು! ಓದಲಾಗದವನಿಗೆ ನೆರವಾಗಬಲ್ಲ ಯಂತ್ರಕ್ಕೆ ಓದಿನ ಪ್ರವೇಶಪರೀಕ್ಷೆ. ಪಕ್ಕದಲ್ಲಿ ಯಾರಾದರೂ ಕುಳಿತು ಸಾಲುಸಾಲಾಗಿ ಪಿಸುಗುಟ್ಟಿದರೆ ಮಾತ್ರ ಅಂಥವರು ಈ ಹೊಸ್ತಿಲು ದಾಟಬಹುದಾಗಿತ್ತು. ಬ್ರಿಟನ್ನಿನಲ್ಲಿ 1994ರಲ್ಲಿ ಆರಂಭವಾದ 'ಆ್ಯಕ್ಸೆಸ್ ಟು ವರ್ಕ್' ಯೋಜನೆಯಲ್ಲಿ, ನೌಕರನಿಗೆ ಬೇಕಾದ ಇಂಥ ಸಲಕರಣೆಗಳಿಗೂ ತರಬೇತಿಗೂ ಸರಕಾರವೇ ಹಣ ಕೊಡುವ ವ್ಯವಸ್ಥೆಯಾಯಿತು.

ಉದ್ಯೋಗದ ಮಾತು ಬಂದಾಗ ನಮಗೆ ನಮ್ಮ ಮುಂಬಯಿಯ ಹೋಟೆಲುಗಳ ಹಳೆಯ ಮಾಣಿಗಳು ನೆನಪಾಗುತ್ತಾರೆ. ಹಗಲೆಲ್ಲ ದುಡಿದು ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತು, ಮುಂದೆ ಬ್ಯಾಂಕು ಕಚೇರಿಗಳಿಗೆ ಸೇರಿ, ಸಂಘಗಳನ್ನು ಕಟ್ಟಿದವರ ಕಥೆಗಳನ್ನು ನಾವು ಹೆಮ್ಮೆಯಿಂದ ಬರೆದುಕೊಂಡಿದ್ದೇವೆ. ಆರು ಮೇಜುಗಳ ಆರ್ಡರನ್ನು ಚೀಟಿಯಿಲ್ಲದೆ ನೆನಪಿಟ್ಟು, ಬಿಲ್ಲನ್ನು ಬಾಯಲ್ಲೇ ಕೂಡಿಸಿ, ಪುಸ್ತಕದ ಮುಂದೆ ಮಾತ್ರ ಸೋತು, ರಾತ್ರಿಶಾಲೆಯನ್ನು ಮೂರೇ ತಿಂಗಳಿಗೆ ಬಿಟ್ಟವರೂ ಆ ಹುಡುಗರಲ್ಲಿ ಇದ್ದರು. ಅವರ ಕಥೆಯನ್ನು ನಾವು ಬರೆದಿಲ್ಲ. ಅವರಲ್ಲಿ ಎಷ್ಟು ಮಂದಿ ದಣಿವಿನಿಂದ ಬಿಟ್ಟರು, ಎಷ್ಟು ಮಂದಿ ಪರ್ಸಿಯ ಬಳಗದವರು, ಈಗ ಹೇಳುವವರಿಲ್ಲ.

ಈ ನಗರಕ್ಕೆ ಒಂದು ಕೀರ್ತಿ ಸಲ್ಲಬೇಕು. 1996ರಲ್ಲಿ ಮಹಾರಾಷ್ಟ್ರ ಸರಕಾರ ಇಂಥ ಮಕ್ಕಳಿಗೆ ಎಸ್‌ಎಸ್‌ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಕಾಗುಣಿತದ ತಪ್ಪಿಗೆ ಮಾಫಿ ಮುಂತಾದ ರಿಯಾಯಿತಿಗಳನ್ನು ಕೊಟ್ಟಿತು. ದೇಶದಲ್ಲಿ ಮೊದಲು ಇದನ್ನು ಮಾಡಿದ್ದು ಈ ರಾಜ್ಯ. ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಷನ್ ಮುಂಬಯಿಯಲ್ಲಿ ಹುಟ್ಟಿದ್ದೂ ಅದೇ ವರ್ಷ. ಸಾಯನ್‌ನ ಲೋಕಮಾನ್ಯ ತಿಲಕ್ ಆಸ್ಪತ್ರೆಯ ಚಿಕಿತ್ಸಾಲಯದಲ್ಲಿ ಪರೀಕ್ಷಿಸಿಕೊಂಡು ಪ್ರಮಾಣಪತ್ರ ಪಡೆದ ಮಕ್ಕಳು ನಮ್ಮವರಲ್ಲಿಯೂ ಇದ್ದಾರೆ.

ಆದರೆ ಆ ರಿಯಾಯಿತಿಗಳಲ್ಲಿ ಒಂದು, ಎರಡನೆಯ ಭಾಷೆಯನ್ನು ಬಿಟ್ಟು ಅದರ ಬದಲು ಕಾರ್ಯಾನುಭವದ ವಿಷಯ ತೆಗೆದುಕೊಳ್ಳಬಹುದೆಂಬುದು. ಬಳಲಿದ ಮಗುವಿಗೆ ಅದು ನಿಜಕ್ಕೂ ಉಪಕಾರ. ನಾವು ಅದನ್ನು ಹಳಿಯುವುದಿಲ್ಲ. ನಮ್ಮಂಥ ವಲಸೆಗಾರರ ಮನೆಗಳಲ್ಲಿ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಶಾಲೆಯಲ್ಲಿ ಮರಾಠಿಯೋ ಹಿಂದಿಯೋ ಬಿಡುತ್ತದೆ. ಶಾಲೆಯಲ್ಲಿ ಇಲ್ಲವೇ ಇಲ್ಲದ ಕನ್ನಡ, ಯಾವ ಸರಕಾರದ ಆದೇಶವೂ ಇಲ್ಲದೆ, ಅಡಿಗೆಮನೆಯಲ್ಲೇ ಬಿಟ್ಟುಹೋಗುತ್ತದೆ. ಹೊರೆ ಇಳಿಸುವುದು ಒಂದು ಬಗೆಯ ನೆರವು, ಹೊರಲು ಗಾಡಿ ಕೊಡುವುದು ಇನ್ನೊಂದು. ಆ ಕಾಲಕ್ಕೆ ನಮ್ಮ ದೇಶದಲ್ಲಿ ಇದ್ದದ್ದು ಮೊದಲನೆಯದೊಂದೇ.

ಗಾಡಿಗೆ ದಾರಿ ಮಾಡಿದ್ದು ಕಾನೂನು. 1995ರ ಅಂಗವಿಕಲರ ಕಾಯಿದೆಯಲ್ಲಿ ಹೇಳಿದ್ದ ಏಳು ನ್ಯೂನತೆಗಳಲ್ಲಿ ಡಿಸ್ಲೆಕ್ಸಿಯಾ ಇರಲಿಲ್ಲ. 2012ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಂದ ತಿದ್ದುಪಡಿ, ಓದಲಾಗದವರಿಗಾಗಿ ಪುಸ್ತಕವನ್ನು ಧ್ವನಿ ಮೊದಲಾದ ರೂಪಕ್ಕೆ ತರಲು ಅವಕಾಶ ಕೊಟ್ಟಿತು. 2013ರಲ್ಲಿ ಮೊರಾಕ್ಕೊದ ಮರ್ರಾಕೆಶ್ ನಗರದಲ್ಲಿ ಇದೇ ವಿಷಯದ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಕುರುಡರ ಜೊತೆ ಓದಿನ ತೊಡಕಿನವರನ್ನೂ ಅದು ಹೆಸರಿಸಿ ಸೇರಿಸಿತು. 2014ರಲ್ಲಿ ಅದನ್ನು ಎಲ್ಲರಿಗಿಂತ ಮೊದಲು ಅನುಮೋದಿಸಿದ ದೇಶ ನಮ್ಮದು. 2016ರ ಹೊಸ ಕಾಯಿದೆ ನ್ಯೂನತೆಗಳ ಪಟ್ಟಿಯನ್ನು 21ಕ್ಕೆ ಏರಿಸಿ ಕಲಿಕೆಯ ತೊಡಕನ್ನೂ ಒಳಗೆ ತಂದಿತು. ಸರಕಾರಿ ನೌಕರಿಯಲ್ಲಿ ಬೇರೆ ಕೆಲವು ನ್ಯೂನತೆಗಳೊಡನೆ ಸೇರಿಸಿ ಶೇಕಡಾ 1ರಷ್ಟು ಮೀಸಲು ಇಟ್ಟಿತು. 2018ರ ಮಾರ್ಗಸೂಚಿ ಪ್ರಮಾಣಪತ್ರಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಪರೀಕ್ಷೆಗಳನ್ನು ಗೊತ್ತುಪಡಿಸಿತು.

ಇನ್ನು ಕನ್ನಡಕ್ಕೆ ಬರೋಣ. ಇಂಗ್ಲಿಷಿನಂತೆ ನಮ್ಮಲ್ಲಿ ಬರೆಯುವುದೊಂದು ಓದುವುದೊಂದು ಇಲ್ಲ, ಆದ್ದರಿಂದ ಕನ್ನಡ ಮಕ್ಕಳಿಗೆ ಈ ತೊಡಕೇ ಇಲ್ಲ ಎಂದು ಹೆಮ್ಮೆಪಡುವವರಿದ್ದಾರೆ. ಅದು ಸರಿಯಲ್ಲ. ಕಾಗುಣಿತ ಒತ್ತಕ್ಷರಗಳೆಲ್ಲ ಸೇರಿ ಕಲಿಯಬೇಕಾದ ರೂಪಗಳು ನೂರಾರು. ಬೆಂಗಳೂರಿನಲ್ಲಿ ಸೊನಾಲಿ ನಾಗ್ ಅವರು ನಡೆಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಕನ್ನಡ ಅಕ್ಷರಗಳ ಕಲಿಕೆ ನಾಲ್ಕನೆಯ ತರಗತಿಯವರೆಗೂ ಸಾಗುತ್ತದೆ ಎಂದು ತೋರಿಸಿತು. ನಮ್ಮ ಅರ್ಕಾವೊತ್ತನ್ನೇ ನೋಡಿ: 'ಸೂರ್ಯ' ಎನ್ನುವಾಗ ಕಿವಿಗೆ ರಕಾರ ಮೊದಲು, ಯಕಾರ ಆಮೇಲೆ, ಕಣ್ಣಿಗೆ ಯಕಾರ ಮೊದಲು, ರಕಾರದ ಕೊಂಡಿ ಆಮೇಲೆ. ಮನೇಸರದ ರಾಷ್ಟ್ರೀಯ ಮಿದುಳು ಸಂಶೋಧನ ಕೇಂದ್ರ 2015ರಲ್ಲಿ ಹೊರತಂದ 'ಡಾಲಿ' ಪರೀಕ್ಷೆ ಹಿಂದಿ, ಮರಾಠಿ, ಇಂಗ್ಲಿಷುಗಳ ಜೊತೆ ಕನ್ನಡದಲ್ಲಿಯೂ ಸಿದ್ಧವಾದದ್ದು ಈ ಕಾರಣದಿಂದ ದೊಡ್ಡ ಸಂಗತಿ. ಮಗುವಿನ ತೊಡಕನ್ನು ಅದರ ಭಾಷೆಯಲ್ಲೇ ಅಳೆಯಬಹುದಾಯಿತು.

ಯಂತ್ರಗಳೂ ಒಂದೊಂದಾಗಿ ಕನ್ನಡ ಕಲಿತಿವೆ. 'ಇ-ಸ್ಪೀಕ್' ಎಂಬ ಉಚಿತ ತಂತ್ರಾಂಶ ಕನ್ನಡವನ್ನು ಓದುತ್ತದೆ, ದನಿ ಸ್ವಲ್ಪ ತಗಡಿನದಾದರೂ. ಭಾರತೀಯ ವಿಜ್ಞಾನ ಮಂದಿರದ ಎ. ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯದ 'ಲಿಪಿಜ್ಞಾನಿ' ಕನ್ನಡದ ಅಚ್ಚಿನ ಪುಟಗಳನ್ನು ಗುರುತಿಸಿ ಕಂಪ್ಯೂಟರಿನ ಅಕ್ಷರವಾಗಿಸುತ್ತದೆ. 2017ರಲ್ಲಿ ಗೂಗಲ್ ಕಂಪೆನಿ ಕನ್ನಡದಲ್ಲಿ ಹೇಳಿದ್ದನ್ನು ಬರೆದುಕೊಳ್ಳುವ ಸೌಲಭ್ಯವನ್ನು ಫೋನುಗಳಿಗೆ ತಂದಿತು. ಇವುಗಳಲ್ಲಿ ಹೆಚ್ಚಿನವನ್ನು ಕಟ್ಟುವಾಗ ಕಟ್ಟಿದವರ ಕಣ್ಣಮುಂದೆ ಪರ್ಸಿ ಇದ್ದಂತಿಲ್ಲ. ಎಂದಿನಂತೆ ಅವನು ಹಿತ್ತಲ ಬಾಗಿಲಿನಿಂದಲೇ ಬಂದಿದ್ದಾನೆ.

ದೀಪಾವಳಿ ಕಳೆದ ಮೇಲೆ ಡೊಂಬಿವಲಿಯ ಹಿರಿಯರು ಮತ್ತೆ ಬಂದರು, ಈ ಸಲ ಮೊಮ್ಮಗನನ್ನು ಕರೆದುಕೊಂಡು. ಆಸ್ಪತ್ರೆಯ ಪರೀಕ್ಷೆ ನಡೆದಿತ್ತು. ಸೊಸೆ ಮತ್ತೆ ಕನ್ನಡಕ್ಕೆ ಇಳಿದಿದ್ದಳು. ನಮ್ಮ ತರುಣ ಸದಸ್ಯರೊಬ್ಬರು ಮಕ್ಕಳ ಕಥೆಯೊಂದನ್ನು ಫೋನಿನಲ್ಲಿ ಹಾಕಿ ಯಂತ್ರದಿಂದ ಓದಿಸಿದರು. ಹುಡುಗ ಪರದೆಯ ಮೇಲೆ ಬೆರಳಿಟ್ಟುಕೊಂಡು ಎರಡು ಪುಟದಷ್ಟು ಕೇಳಿದ. ಆಮೇಲೆ ತಲೆಯೆತ್ತಿ, "ಅಜ್ಜಾ, ಇದು ನಮ್ಮಂಗ ಮಾತಾಡಂಗಿಲ್ಲಲ್ಲಾ" ಎಂದ.

ಅಜ್ಜ ಆ ಪುಸ್ತಕವನ್ನು ಮನೆಗೆ ಒಯ್ದಿದ್ದಾರೆ. ರಾತ್ರಿ ಊಟವಾದ ಮೇಲೆ ಫೋನನ್ನು ಮುಂದಿಟ್ಟುಕೊಂಡು ದಿನಕ್ಕೊಂದು ಕಥೆ ತಾವೇ ಓದಿ ತುಂಬಿಸುತ್ತಿದ್ದಾರಂತೆ. ಹಿಂದಿನ ವಾರದವರೆಗೆ ಹನ್ನೊಂದಾಗಿವೆ.